ನೆಂಟರು ಬಂದ ಮೂರು ದಿನ

ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕಿವಿಮಾಮ ಅಂತಲೇ ಕರೆಯೋದು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಒಂದು ಕಡೆ ಇತ್ತು, ಅಷ್ಟೆ. ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವನೇ ಹಿಂದೆ ತಿರುಗಿ, ಯಾರಪ್ಪಾ ಅದು, ಅಂತ ನೋಡುತ್ತಿದ್ದ.

ಅದು ಅನಾನಸ್ ಡಬ್ಬಿ ಮಾಡುವ ಕಾರ್ಖಾನೆ. ಹಣ್ಣಿನ ಸಿಪ್ಪೆ ತೆಗೆದು, ಬಳೆಯ ಹಾಗೆ ಕೊಯ್ದು, ಸಕ್ಕರೆ ಪಾಕದಲ್ಲಿ ಮುಳುಗಿಸಿ, ತಗಡಿನ ಡಬ್ಬಿಗೆ ಮುಚ್ಚಳ ಒತ್ತಿ, ಕುದಿಸಿ, ಆರಿಸಿ, ಇಷ್ಟೆಲ್ಲ ಆದಮೇಲೆ ಡಬ್ಬಿಗಳು ಸಾಲಾಗಿ ಕಿವಿಮಾಮನ ಮೇಜಿಗೆ ಬರುತ್ತಿದ್ದವು. ಅವನ ಕೈಯಲ್ಲಿ ಗೇಣುದ್ದದ ಕೋಲು, ಅದರ ತುದಿಗೊಂದು ಹಿತ್ತಾಳೆಯ ಗುಂಡು. ಪ್ರತಿ ಡಬ್ಬಿಯ ನೆತ್ತಿಗೂ ಒಂದೊಂದು ಏಟು. ಮುಚ್ಚಳ ಸರಿಯಾಗಿ ಕೂತಿದ್ದರೆ ಡಬ್ಬಿ 'ಟಣ್' ಅನ್ನುತ್ತದೆ. ಎಲ್ಲೋ ಸೂಜಿಮೊನೆಯಷ್ಟು ಸಂದಿ ಬಿಟ್ಟು ಒಳಗೆ ಗಾಳಿ ಹೋಗಿದ್ದರೆ 'ದಬ್' ಅನ್ನುತ್ತದೆ. ಟಣ್ ಅಂದದ್ದು ಲೇಬಲ್ ಕೋಣೆಗೆ, ದಬ್ ಅಂದದ್ದು ಬುಟ್ಟಿಗೆ. ಇಪ್ಪತ್ತೇಳು ವರ್ಷದಿಂದ ಇದೇ ಕೆಲಸ. ನಡುವೆ ಒಂದು ಸಲ ಇದಕ್ಕೆಂದೇ ಯಂತ್ರ ತರಿಸಿದ್ದರು. ಅದು ಒಂದೇ ವಾರದಲ್ಲಿ ಹದಿನಾರು ದಬ್‌ಗಳನ್ನು ಟಣ್ ಅಂತ ಪಾಸು ಮಾಡಿ, ಮರ್ಯಾದೆ ಕಳೆದುಕೊಂಡು ಮೂಲೆ ಸೇರಿತು. ಈಗ ಅದರ ಮೇಲೆ ಎಲ್ಲರೂ ಊಟದ ಡಬ್ಬಿ ಇಡುತ್ತಾರೆ.

ಮನೆಯಲ್ಲೂ ಅವನ ಬೆರಳು ಸುಮ್ಮನಿರುತ್ತಿರಲಿಲ್ಲ. ಕಲ್ಲಂಗಡಿ, ಗೋಡೆ, ನೀರಿನ ಡ್ರಮ್ಮು, ಕೈಗೆ ಏನು ಸಿಕ್ಕರೂ ತಟ್ಟಿ ನೋಡಬೇಕು. "ಮದುವೆಗೆ ಮುಂಚೆ ಅಳಿಯನ ತಲೆಯನ್ನೂ ಒಂದು ಸಲ ತಟ್ಟಿ ನೋಡಿದ್ದಿದ್ರೆ ನಾವೆಲ್ಲ ಬಚಾವಾಗ್ತಿದ್ವಿ" ಅಂತ ಹೆಂಡತಿ ಆಡಿಕೊಳ್ಳುತ್ತಿದ್ದಳು.

ಇವನಿಗೆ ಕಿವಿ ಹೇಗೋ ಇವನ ತಂಗಿಗೆ ನಾಲಿಗೆ ಹಾಗೆ. ಹನ್ನೊಂದು ವರ್ಷ ಚಿಕ್ಕವಳು, ಇವನೇ ಎತ್ತಿ ಆಡಿಸಿ ಬೆಳೆಸಿದವಳು. ಎರಡು ಬೀದಿ ಆಚೆ ಸಣ್ಣದೊಂದು ಬೇಕರಿ ನಡೆಸುತ್ತಿದ್ದಳು. ಕೆನೆಯನ್ನು ಬೆರಳ ತುದಿಯಲ್ಲಿ ನೆಕ್ಕಿ, ಇದು ನಿನ್ನೆ ಸಂಜೆಯ ಹಾಲಿನದು ಅಂತ ಹೇಳಿಬಿಡುತ್ತಿದ್ದಳು. ಹಾಲಿನವನು ಅವಳ ಅಂಗಡಿಗೆ ಮಾತ್ರ ನೀರು ಬೆರೆಸುತ್ತಿರಲಿಲ್ಲ. ಪಾಪ, ಧೈರ್ಯ ಇರಲಿಲ್ಲ.

ಒಂದು ಜನವರಿಯಲ್ಲಿ ಅವಳಿಗೆ ಜ್ವರ ಬಂತು. ಗಂಡ ಲಾರಿ ಡ್ರೈವರು, ದೂರ ಹೋಗಿದ್ದ. ಅಣ್ಣ ಹೋಗಿ ಕರಕೊಂಡು ಬಂದು ಎಂಟು ದಿನ ತನ್ನ ಮನೆಯಲ್ಲಿ ಇಟ್ಟುಕೊಂಡ. ಜ್ವರವೇನೋ ಇಳಿಯಿತು, ಆದರೆ ಹೋಗುವಾಗ ನಾಲಿಗೆಯ ರುಚಿಯನ್ನೂ ಎತ್ತಿಕೊಂಡು ಹೋಯಿತು. ಒಂದು ಮಧ್ಯಾಹ್ನ ಅವಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಅಣ್ಣನ ಕೈ ಹಿಡಿದುಕೊಂಡು ಗಳಗಳ ಅತ್ತಳು.

"ಅಣ್ಣಾ, ಸಕ್ಕರೆ ಬಾಯಿಗೆ ಹಾಕ್ಕೊಂಡ್ರೆ ಮರಳಿನ ಹಾಗಿದೆ ಕಣೋ. ಯಾರಿಗೂ ಹೇಳ್ಬೇಡ. ಅತ್ತಿಗೆಗೂ ಹೇಳ್ಬೇಡ. ಬೇಕರಿಯವಳಿಗೆ ನಾಲಿಗೆ ಹೋಗಿದೆ ಅಂತ ಗೊತ್ತಾದ್ರೆ ನನ್ನ ಅಂಗಡಿಗೆ ಯಾರು ಬರ್ತಾರೆ?"

"ನನ್ನ ಬಾಯಿಂದ ಹೊರಗೆ ಬರಲ್ಲ, ಸುಮ್ನಿರು" ಅಂದ ಅಣ್ಣ. ಅಂದಂತೆ ನಡೆದುಕೊಂಡ ಕೂಡ. ಅವಳು ತನ್ನ ಮನೆಗೆ ಹೋದಮೇಲೂ ಎರಡು ವಾರ, ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅವಳ ಅಂಗಡಿಗೆ ಹೋಗಿ ಹಿಟ್ಟು, ಕೆನೆ, ಪಾಕ ಎಲ್ಲ ನೆಕ್ಕಿ ನೋಡಿ ಹೇಳಿ ಬರುತ್ತಿದ್ದ. ಅವನ ನಾಲಿಗೆಯೋ, ದೇವರಿಗೇ ಪ್ರೀತಿ. ಆದರೂ ತಂಗಿಗೆ ಧೈರ್ಯ. ಕೊನೆಗೊಂದು ಬೆಳಿಗ್ಗೆ ಇವನ ಕಾರ್ಖಾನೆಯ ಅನಾನಸ್ ತುಂಡು ಬಾಯಿಗಿಟ್ಟುಕೊಂಡವಳು "ಹುಳಿ! ಅಣ್ಣಾ, ಹುಳಿ ಗೊತ್ತಾಯ್ತು!" ಅಂತ ಕಿರುಚಿ, ಹಿಟ್ಟಿನ ಕೈಯಲ್ಲೇ ಅವನ ಎರಡೂ ಕೆನ್ನೆ ಹಿಡಿದುಕೊಂಡಳು. ಆವತ್ತು ಕಿವಿಮಾಮ ಮುಖದ ತುಂಬ ಮೈದಾ ಹೊತ್ತು ಕೆಲಸಕ್ಕೆ ಹೋಗಿದ್ದ. ಯಾಕೆ ಅಂತ ಕೇಳಿದವರಿಗೆ ಹೇಳಲಿಲ್ಲ.

ಇದಿಷ್ಟು ಜನವರಿಯ ಮಾತು. ಮಾರ್ಚಿಯಲ್ಲಿ ಕಾರ್ಖಾನೆಯ ಬಾಯ್ಲರ್ ಕೆಟ್ಟು ಕೂತಿತು.

ಅದಕ್ಕೆ ಮುಂಚೆಯೇ ಕಾರ್ಖಾನೆಗೆ ಉಸಿರು ಕಟ್ಟಿತ್ತು ಅನ್ನಿ. ಎರಡು ವರ್ಷದಿಂದ ಹೊರದೇಶದ ಅನಾನಸ್ ಡಬ್ಬಿ ಹಡಗು ಹಡಗಾಗಿ ಬಂದು ಬೀಳುತ್ತಿತ್ತು. ಅವರು ತಮ್ಮ ಊರಿನಲ್ಲಿ ಮಾರುವುದಕ್ಕಿಂತ ಅಗ್ಗವಾಗಿ ಇಲ್ಲಿ ತಂದು ಸುರಿಯುತ್ತಿದ್ದರು. ಅಂಗಡಿಯವರು ಅದನ್ನೇ ಮುಂದಿಟ್ಟು ಇವರ ಡಬ್ಬಿಯನ್ನು ಹಿಂದಕ್ಕೆ ತಳ್ಳಿದರು. ಅಂಥದರಲ್ಲಿ ಒಂದು ದೊಡ್ಡ ಆರ್ಡರು ಕೈಯಲ್ಲಿತ್ತು, ಬಾಯ್ಲರು ನೋಡಿದರೆ ಮೂರು ವಾರ ಏಳುವ ಹಾಗಿಲ್ಲ. ಮಾಲೀಕರು ಆ ಆರ್ಡರು ಕೈತಪ್ಪಿದರೆ ಮುಗೀತು ಅಂದುಕೊಂಡರು. ಎರಡು ಲಾರಿ ತುಂಬ ಬೋಳು ಡಬ್ಬಿ, ಅಂದರೆ ಲೇಬಲ್ ಇಲ್ಲದವು, ಹಿಂದಿನ ಗೇಟಿನಿಂದ ಒಳಗೆ ಬಂದವು.

ಕಿವಿಮಾಮನ ಮೇಜಿಗೆ ಮೊದಲ ಡಬ್ಬಿ ಬಂತು. ಕೋಲು ತಾಗಿಸಿದ. ಟಣ್ ಅನ್ನಲಿಲ್ಲ, ದಬ್ ಅನ್ನಲಿಲ್ಲ. 'ಟಿಣ್' ಅಂದಿತು. ಇನ್ನೊಂದು ತಟ್ಟಿದ, ಟಿಣ್. ಮತ್ತೊಂದು, ಟಿಣ್. ತಗಡು ತೆಳು, ಮುಚ್ಚಳದ ಸುತ್ತ ಒಂದು ಗೆರೆ ಜಾಸ್ತಿ. ನಮ್ಮ ಮನೆಯ ಮಕ್ಕಳಲ್ಲ ಇವು ಅಂತ ಅವನಿಗೆ ತಕ್ಷಣ ಗೊತ್ತಾಯಿತು. ಲೇಬಲ್ ಕೋಣೆಯ ಮೇಸ್ತ್ರಿಣಿ, ಎಲ್ಲರೂ ಲೇಬಲಕ್ಕ ಅನ್ನುವವಳು, ಬಾಗಿಲಲ್ಲಿ ನಿಂತು ನಕ್ಕಳು.

"ನೆಂಟರು ಬಂದಿದ್ದಾರೆ ಕಣೋ ಮಾಮ. ಬಟ್ಟೆ ಉಡಿಸಿ ಕಳಿಸೋದಷ್ಟೇ ನಮ್ಮ ಕೆಲಸ."

ಆ ಮಾತು ಹಿಡಿಸಿಬಿಟ್ಟಿತು. ಮೂರು ದಿನವೂ ಕಾರ್ಖಾನೆಯಲ್ಲಿ ಆ ಡಬ್ಬಿಗಳಿಗೆ ನೆಂಟರು ಅಂತಲೇ ಹೆಸರು. ಮಾಲೀಕರು ಬಂದು "ಇದೊಂದೇ ಸಲ ಮಾಮ, ಬಾಯ್ಲರ್ ಕೈ ಕೊಟ್ಟಿತು, ಏನು ಮಾಡ್ಲಿ" ಅಂದರು. ಅವರ ಕಣ್ಣು ಕೆಂಪಗಿತ್ತು, ನಿದ್ದೆ ಮಾಡಿರಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಕಿವಿಮಾಮ ತಲೆಯಾಡಿಸಿದ. ಆದರೆ ಕೈ ಕೇಳಬೇಕಲ್ಲ. ದಿನಾ ಎಷ್ಟು ಡಬ್ಬಿ ತಟ್ಟಿದೆ ಅಂತ ಬರೆಯುವ ಅವನ ಪುಸ್ತಕದಲ್ಲಿ 'ವಿಶೇಷ' ಅಂತ ಒಂದು ಕಾಲಂ ಇತ್ತು. ಇಪ್ಪತ್ತೇಳು ವರ್ಷ ಸುಳ್ಳು ಬರೆದವನಲ್ಲ, ನಿಜ ಬರೆಯುವ ಹಾಗೂ ಇಲ್ಲ. ಮಾರ್ಚಿ ಹನ್ನೊಂದು, ಹನ್ನೆರಡು, ಹದಿಮೂರು, ಮೂರು ದಿನದ ಎದುರಿಗೂ ದುಂಡಗೆ ಬರೆದ: 'ನೆಂಟರು.' ಬರೆದು ಒಳಗೊಳಗೇ ಮುಸಿ ಮುಸಿ ನಕ್ಕ.

ಆ ವರ್ಷವೇ ಮಾಲೀಕರು ಸರ್ಕಾರಕ್ಕೆ ದೂರು ಕೊಟ್ಟರು. ಹೊರದೇಶದವರು ಹೀಗೆ ತಂದು ಸುರಿಯೋದನ್ನು ತಡೆಯೋಕೆ ಬಂದರಿನಲ್ಲೇ ಅವರ ಡಬ್ಬಿಯ ಮೇಲೆ ಹೆಚ್ಚಿನ ತೆರಿಗೆ ಹಾಕಿ ಅಂತ ದೂರು. ಅದಕ್ಕೆ ಆ್ಯಂಟಿ ಡಂಪಿಂಗ್ ಸುಂಕ ಅಂತ ಹೆಸರು. ಕಾರ್ಖಾನೆಯವರ ಬಾಯಲ್ಲಿ ಅದು ಎರಡೇ ದಿನಕ್ಕೆ 'ಸುರಿಸುಂಕ' ಆಯಿತು. ಸುರಿಸುಂಕ ಬಿದ್ದರೆ ಕಾರ್ಖಾನೆ ಉಳಿಯುತ್ತದೆ, ಇಲ್ಲದಿದ್ದರೆ ಎಂಬತ್ತು ಜನ ಮನೆಗೆ. ವಕೀಲರು ಬಂದು ಎಲ್ಲರನ್ನೂ ಕೂರಿಸಿಕೊಂಡು ಒಂದು ಮಾತು ಮಾತ್ರ ಒತ್ತಿ ಒತ್ತಿ ಹೇಳಿದರು: "ದೂರು ಕೊಟ್ಟವರೇ ಆ ಹೊರಗಿನ ಮಾಲು ತಂದು ಮಾರಿದ್ದಾರೆ ಅಂತಾದ್ರೆ ದೂರು ನೆಗೆದುಬಿತ್ತು ಅಂತಲೇ ಲೆಕ್ಕ. ನೀವಂತೂ ತಂದಿಲ್ಲ ತಾನೆ?" ಮಾಲೀಕರು ಇಲ್ಲ ಅಂದರು. ಕಿವಿಮಾಮ ತನ್ನ ಚಪ್ಪಲಿ ನೋಡಿಕೊಂಡ.

ವಿಚಾರಣೆ ನಡೆದದ್ದು ಮರುವರ್ಷ, ಒಂದು ಉದ್ದ ಕೋಣೆಯಲ್ಲಿ. ಗಾಜು ಹಾಸಿದ ಮೇಜು, ಎಲ್ಲರ ಮುಂದೂ ಒಂದೊಂದು ನೀರಿನ ಬಾಟಲಿ, ಮುಟ್ಟಿದರೆ ಕೀಂ ಅನ್ನುವ ಮೈಕು. ನಡುವೆ ಅಧಿಕಾರಿ ಮೇಡಂ. ಒಂದು ಕಡೆ ಕಾರ್ಖಾನೆಯವರು, ಇನ್ನೊಂದು ಕಡೆ ಡಬ್ಬಿ ತರಿಸುವವರು, ಅವರ ಪಕ್ಕದಲ್ಲಿ ಡಬ್ಬಿ ಬಳಸುವ ಸಣ್ಣ ಬೇಕರಿಯವರು. ಬೇಕರಿಯವರ ಪರವಾಗಿ ಮಾತಾಡಲು ಎದ್ದು ನಿಂತವಳನ್ನು ನೋಡಿ ಕಿವಿಮಾಮ ಕುರ್ಚಿಯ ತುದಿಗೆ ಸರಿದ. ಅವನ ತಂಗಿ. ಬರುತ್ತೇನೆ ಅಂತ ಹೇಳಿರಲಿಲ್ಲ. ಹಳದಿ ಸೀರೆ ಉಟ್ಟಿದ್ದಳು, ಕೈಗಳನ್ನು ಎಲ್ಲಿಡಬೇಕೋ ಗೊತ್ತಾಗದೆ ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಅಣ್ಣನನ್ನು ನೋಡಿ ಸಣ್ಣಗೆ ನಕ್ಕಳು, ನೀನು ನಿನ್ನ ಅನ್ನದ ಕಡೆ, ನಾನು ನನ್ನ ಅನ್ನದ ಕಡೆ, ಕೋಪ ಮಾಡ್ಕೋಬೇಡ, ಅನ್ನುವ ಹಾಗೆ.

"ಮೇಡಂ, ನಾನು ಎರಡೂ ಡಬ್ಬಿ ಬಳಸ್ತೀನಿ" ಅಂದಳು. "ಕೇಕಿನ ಮೇಲಿಡೋಕೆ ಇವರದು, ಅರೆದು ಹಾಕೋಕೆ ಹೊರಗಿನದು. ಇವರದೇ ಒಳ್ಳೇದು, ಅದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ. ಆದ್ರೆ ಹೋದ ವರ್ಷ ಮಾರ್ಚಿ ಆದಮೇಲೆ ಇವರ ಲೇಬಲ್ ಇದ್ದ ಮೂರು ಪೆಟ್ಟಿಗೆ ಒಡೆದೆ. ಒಳಗಿದ್ದದ್ದು ಹೊರಗಿನ ಹಣ್ಣು. ಇವರ ಪಾಕ ನಾಲಿಗೆ ಮೇಲೆ ನಿಲ್ಲುತ್ತೆ, ಅದು ನಿಲ್ಲಲ್ಲ, ಕೊನೇಲಿ ಚುರುಕ್ ಅನ್ನುತ್ತೆ. ಇವರೇ ಅದನ್ನ ಮಾರಿ, ಈಗ ಅದರ ಮೇಲೆ ಸುಂಕ ಹಾಕಿ ಅಂದ್ರೆ ಹೇಗೆ ಮೇಡಂ?"

ಕೋಣೆ ಗುಜುಗುಜು ಅಂದಿತು. ಅಧಿಕಾರಿ ಮೇಡಂ ಪೆನ್ನು ಎತ್ತಿದರು.

"ಆ ಡಬ್ಬಿಗಳು ಇದ್ದಾವಾ?"

"ಎಲ್ಲಿ ಮೇಡಂ, ಅವತ್ತೇ ಕೇಕಾಗಿ ಹೋಯ್ತು."

"ಮತ್ತೆ ಸಾಕ್ಷಿ?"

"ನನ್ನ ನಾಲಿಗೆ" ಅಂದಳು ತಂಗಿ. ಕೆಲವರು ನಕ್ಕರು. ಅವಳು ನಗಲಿಲ್ಲ.

ಮೇಡಂ ಫೈಲು ತಿರುವಿದರು. ಕಾರ್ಖಾನೆಯ ಪುಸ್ತಕಗಳ ನಕಲೆಲ್ಲ ಅವರ ಹತ್ತಿರ ಇದ್ದವು. "ಡಬ್ಬಿ ತಟ್ಟೋರು ಯಾರು? ನೀವಾ? ಇಲ್ಲಿ ಮಾರ್ಚಿ ಹನ್ನೊಂದರಿಂದ ಮೂರು ದಿನ 'ನೆಂಟರು' ಅಂತ ಬರೆದಿದ್ದೀರಲ್ಲ. ಏನದು?"

ಕಿವಿಮಾಮ ಎದ್ದು ನಿಂತ. ಮಾಲೀಕರ ಮುಖ ಸುಣ್ಣದ ಹಾಗಾಗಿತ್ತು. ಹಿಂದಿನ ಸಾಲಿನಲ್ಲಿ ಲೇಬಲಕ್ಕ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದಳು. ಎಂಬತ್ತು ಜನರ ಊಟದ ಡಬ್ಬಿ ಆ ಹಳೇ ಯಂತ್ರದ ಮೇಲೆ ಸಾಲಾಗಿ ಕೂತದ್ದು ಕಣ್ಣ ಮುಂದೆ ಬಂತು.

"ಮನೆಗೆ ನೆಂಟರು ಬಂದಿದ್ರು ಮೇಡಂ. ಬೇಗ ಹೋಗ್ಬೇಕಿತ್ತು, ಅದಕ್ಕೇ ಗುರ್ತು ಹಾಕಿದ್ದೆ."

ಇಲ್ಲಿಗೆ ನಿಲ್ಲಿಸಿದ್ದಿದ್ದರೆ ಅದು ಹೊಟ್ಟೆಪಾಡಿನ ಸುಳ್ಳು, ಯಾರು ಬೇಕಾದರೂ ಹೇಳುವಂಥದ್ದು. ಮೇಡಂ "ಯಾವ ನೆಂಟರು?" ಅಂತ ಕೇಳಿದರು, ನಿಜ. ಹೆಂಡತಿಯ ಕಡೆಯವರು ಅನ್ನಬಹುದಿತ್ತು, ಷಡ್ಡಕ ಅನ್ನಬಹುದಿತ್ತು. ಅವನ ಬಾಯಿಗೆ ಅದು ಯಾವುದೂ ಬರಲಿಲ್ಲ.

"ಇವಳೇ ಮೇಡಂ. ನನ್ನ ತಂಗಿ. ಜ್ವರ ಬಂದು ನಮ್ಮನೇಲಿದ್ಲು. ಆ ಜ್ವರದಲ್ಲಿ ಇವಳಿಗೆ ನಾಲಿಗೆ ರುಚಿಯೇ ಹೋಗಿತ್ತು. ಸಕ್ಕರೆಗೂ ಮರಳಿಗೂ ವ್ಯತ್ಯಾಸ ಗೊತ್ತಾಗ್ತಿರ್ಲಿಲ್ಲ. ನಾನೇ ದಿನಾ ಹೋಗಿ ನೆಕ್ಕಿ ನೋಡಿ ಹೇಳ್ತಿದ್ದೆ. ಈಗ್ಲೂ ಪೂರ್ತಿ ಬಂದಿದ್ಯೋ ಇಲ್ವೋ, ಪಾಪ."

ಪಾಪ ಅಂದ. ಅದನ್ನು ಯಾರೂ ಕೇಳಿರಲಿಲ್ಲ.

ತಂಗಿ ಅವನನ್ನೇ ನೋಡುತ್ತಿದ್ದಳು. ಕೋಪ ಇರಲಿಲ್ಲ ಆ ಮುಖದಲ್ಲಿ. ದಾರಿಯಲ್ಲಿ ಹೋಗುತ್ತಿದ್ದವಳಿಗೆ ಯಾರೋ ಹಿಂದಿನಿಂದ ಹೊಡೆದರೆ ತಿರುಗಿ ನೋಡುತ್ತಾರಲ್ಲ, ಹಾಗೆ ನೋಡುತ್ತಿದ್ದಳು.

"ಜ್ವರ ಬಂದಿದ್ದು ನಿಜವಾ ಅಮ್ಮ? ರುಚಿ ಹೋಗಿತ್ತಾ?"

"ಹೋಗಿತ್ತು ಮೇಡಂ, ಆದ್ರೆ ಅದು... ಅಣ್ಣಾ, ಅದು ಮಾರ್ಚಿಯಲ್ಲೇನಾ?"

ಅಣ್ಣ ಹೂಂ ಅಂದ.

ತಂಗಿ ಸೆರಗಿನ ಗಂಟು ಬಿಚ್ಚಿದಳು, ಕಟ್ಟಿದಳು. ಜ್ವರದಲ್ಲಿ ದಿನ ತಾರೀಕು ಯಾರಿಗೆ ನೆನಪಿರುತ್ತದೆ? ಅಣ್ಣ ಹೇಳಿದ ಮೇಲೆ ಹಾಗೇ ಇರಬೇಕು. ಅವನು ಸುಳ್ಳು ಹೇಳುವವನಲ್ಲ. "ಹಾಗಿದ್ರೆ ಇರಬಹುದು ಮೇಡಂ" ಅಂದು ಕೂತುಬಿಟ್ಟಳು. ಮೇಡಂ ಬರೆದುಕೊಂಡರು. ಬೇಕರಿಯವರು ಅವಳ ಪಕ್ಕದಿಂದ ಕುರ್ಚಿಯನ್ನು ಒಂದು ಚೂರು ಆಚೆಗೆ ಎಳೆದುಕೊಂಡರು. ಕುರ್ಚಿ ಎಳೆದ ಸದ್ದು ಕಿವಿಮಾಮನಿಗೆ ಕೇಳಿಸಿತು. ಹಾಳಾದ ಕಿವಿ, ಎಲ್ಲ ಕೇಳಿಸುತ್ತದೆ.

ಆ ದಿನ ಮನೆಗೆ ಹೋಗಿ ಊಟಕ್ಕೆ ಕೂತಾಗ ಹೆಂಡತಿ ಒಂದೇ ಮಾತು ಕೇಳಿದಳು. ಲೇಬಲಕ್ಕ ಬಂದು ಎಲ್ಲ ಹೇಳಿ ಹೋಗಿದ್ದಳು. "ಅವಳು ಬಂದಿದ್ದು ಜನವರಿಯಲ್ಲಲ್ವಾ?" ಕಿವಿಮಾಮ ನೀರು ಕುಡಿದ.

ಅದಾದ ಮೇಲೆ ಎರಡು ಸಲ ಬೇಕರಿಯ ಮುಂದೆ ಹಾದುಹೋದ. ಮೊದಲನೇ ಸಲ ತಲೆ ತಗ್ಗಿಸಿಕೊಂಡು ಹೋದ. ಎರಡನೇ ಸಲ ತಂಗಿಯೇ ನೋಡಿ ಒಳಗೆ ಕರೆದಳು.

"ಬನ್ನಿ ಅಣ್ಣ. ಕೂತ್ಕೊಳ್ಳಿ. ಟೀ ತಗೋತೀರಾ?"

ಬನ್ನಿ! ಕೂತ್ಕೊಳ್ಳಿ! ಹುಟ್ಟಿ ಮಾತು ಕಲಿತಾಗಿನಿಂದ ಅವನನ್ನು 'ನೀನು' ಬಿಟ್ಟು ಇನ್ನೊಂದು ಅಂದವಳಲ್ಲ. ಬಾರೋ, ಹೋಗೋ, ನಿನ್ನ ಕಿವಿ ಕಿತ್ತು ಒಲೆಗೆ ಹಾಕ, ಇವೇ ಅವಳ ಪ್ರೀತಿಯ ಮಾತುಗಳು. ಈಗ ಬಹುವಚನ ಹಾಕಿ, ಲೋಟ ಒರೆಸಿ, ತಟ್ಟೆಯ ಮೇಲಿಟ್ಟು ಟೀ ಕೊಟ್ಟಳು. ಗೊತ್ತಿಲ್ಲದ ಗಿರಾಕಿಗೆ ಕೊಡುವ ಹಾಗೆ. ಅವನು ಬಾಯಿ ಸುಟ್ಟುಕೊಂಡು ಕುಡಿದು ಎದ್ದು ಬಂದ.

ಆರು ತಿಂಗಳಿಗೆ ತೀರ್ಪು ಬಂತು. ಸುರಿಸುಂಕ ಬಿತ್ತು. ಕಾರ್ಖಾನೆಯಲ್ಲಿ ಸೀಟಿ ಹೊಡೆದರು, ಕುಣಿದರು. ಮಾಲೀಕರು ದೊಡ್ಡ ಮನಸ್ಸು ಮಾಡಿ, ಕಿವಿಮಾಮನ ತಂಗಿಗೂ ಬೇಜಾರಾಗಬಾರದು ಅಂತ ಹೇಳಿ, ಎಲ್ಲರಿಗೂ ಆಗುವಷ್ಟು ಅನಾನಸ್ ಕೇಕನ್ನು ಅವಳ ಬೇಕರಿಯಿಂದಲೇ ತರಿಸಿದರು.

ಲೇಬಲಕ್ಕ ಮೊದಲ ತುಂಡು ಬಾಯಿಗೆ ಹಾಕಿಕೊಂಡವಳು ನಿಂತಲ್ಲೇ ಮುಖ ಕಿವುಚಿದಳು. ಉಪ್ಪು. ಕೆನೆಯಲ್ಲಿ ಕೈತುಂಬ ಉಪ್ಪು. ಉಪ್ಪು ಬೆರೆತ ಬೆಣ್ಣೆಗೆ ಮತ್ತೆ ಉಪ್ಪು ಹಾಕಿಬಿಟ್ಟಿದ್ದಾಳೆ. ಒಬ್ಬೊಬ್ಬರೇ ತಟ್ಟೆ ಕೆಳಗಿಟ್ಟರು.

"ಮಾಮ ಹೇಳಿದ್ದು ನಿಜಾನೇ ಕಣ್ರೋ, ಆಯಮ್ಮನಿಗೆ ನಾಲಿಗೆ ಹೋಗಿದೆ" ಅಂತ ಯಾರೋ ಅಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಟ್ಟದ್ದಕ್ಕಲ್ಲ, ಗೆದ್ದ ಖುಷಿಗೆ.

ಕಿವಿಮಾಮ ತನ್ನ ತುಂಡನ್ನು ಪೂರ್ತಿ ತಿಂದ. ಪಕ್ಕದವನು ಬಿಟ್ಟದ್ದನ್ನೂ ತಿಂದ. ಗಂಟಲು ಉರಿಯಿತು. ನಾಚಿಕೆ ಅನ್ನೋದು ಇಷ್ಟು ಉಪ್ಪಗಿರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ. ನೆಲ ಬಾಯಿ ಬಿಟ್ಟರೆ ಸಾಕು, ಒಳಗೆ ಹೋಗಿ ಕೂತುಬಿಡುತ್ತೇನೆ ಅನ್ನಿಸಿತು. ನೆಲ ಸಿಮೆಂಟಿನದು, ಬಾಯಿ ಬಿಡಲಿಲ್ಲ. ಕೋಲನ್ನು ಜೇಬಿಗೆ ಸಿಕ್ಕಿಸಿಕೊಂಡು ನೇರ ಬೇಕರಿಗೆ ನಡೆದ.

ಬೇಕರಿಯ ಒಳಕೋಣೆಯಲ್ಲಿ ಪಕ್ಕದಂಗಡಿಯ ದರ್ಜಿ ಹೆಂಗಸು ನಿಂತಿದ್ದಳು, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು. ಅವಳ ಮುಂದೆ ತಂಗಿ ಚಮಚ ಹಿಡಿದಿದ್ದಳು.

"ಸೂಜಿ ತೆಗೆದು ಇದೊಂದು ಸ್ವಲ್ಪ ನೋಡಕ್ಕ. ಸಿಹಿ ಸರಿ ಇದ್ಯಾ?"

"ನಾನು ಬಟ್ಟೆ ಹೊಲಿಯೋಳು ಮಾರಾಯ್ತಿ, ನನ್ನನ್ನ ಯಾಕೆ ಕೇಳ್ತೀಯ? ನೀನೇ ನೋಡು."

"ನನ್ನ ನಾಲಿಗೆ ನಂಬೋ ಹಾಗಿಲ್ಲ ಅಕ್ಕ. ಸರಿಯಾಗಿದೆ ಅಂತ ನಾನು ಅಂದ್ಕೊಂಡಿದ್ದೆ. ನಮ್ಮಣ್ಣನೇ ಹೇಳಿದ್ರಲ್ಲ. ಅವರಿಗೆ ಗೊತ್ತಿಲ್ದೇ ಇರುತ್ತಾ? ಅವತ್ತಿಂದ ಬಾಯಿಗೆ ಏನು ಹಾಕ್ಕೊಂಡ್ರೂ ಇದು ನಿಜವಾಗ್ಲೂ ಸಿಹಿನಾ, ಇಲ್ಲ ನನಗೆ ಹಾಗನ್ಸುತ್ತಾ ಅಂತ ಭಯ. ಅದಕ್ಕೇ ಬಾಯಿಗೇ ಹಾಕ್ಕೊಳಲ್ಲ. ಇವತ್ತು ನೀನು ಇರ್ಲಿಲ್ಲ, ಹಾಗೇ ಕಳಿಸ್ಬಿಟ್ಟೆ. ಏನಾಯ್ತೋ ಏನೋ."

ಕಿವಿಮಾಮ ಬಾಗಿಲಲ್ಲಿ ನಿಂತೇ ಇದ್ದ. ಇಷ್ಟು ದಿನ ತಂಗಿಗೆ ತನ್ನ ಮೇಲೆ ಕೋಪ ಅಂದುಕೊಂಡಿದ್ದ. ಆ 'ಬನ್ನಿ, ಕೂತ್ಕೊಳ್ಳಿ' ಕೋಪದ ಮಾತು ಅಂದುಕೊಂಡಿದ್ದ. ಕೋಪ ಆಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಅವಳು ನಂಬಿದ್ದಳು. ತುಂಬಿದ ಸಭೆಯಲ್ಲಿ ತನ್ನ ಮಾನ ಕಳೆದವನ ಮಾತನ್ನು, ಅಣ್ಣ ಅಂದಮೇಲೆ ನಿಜವೇ ಇರಬೇಕು ಅಂತ ನಂಬಿ, ತನ್ನ ನಾಲಿಗೆಯನ್ನೇ ಬಿಟ್ಟುಕೊಟ್ಟಿದ್ದಳು.

ತಂಗಿ ತಿರುಗಿ ನೋಡಿದಳು. "ಅಯ್ಯೋ, ಯಾವಾಗ ಬಂದ್ರಿ ಅಣ್ಣ? ಕೇಕ್ ಹೇಗಿತ್ತು?"

ದರ್ಜಿ ಹೆಂಗಸು ಅಣ್ಣನ ಮುಖ ನೋಡಿ, ಸೂಜಿಯನ್ನು ಮತ್ತೆ ಬಾಯಿಗಿಟ್ಟುಕೊಂಡು ಹಗುರ ಹೆಜ್ಜೆ ಇಟ್ಟು ಹೊರಟುಹೋದಳು.

ಶೆಲ್ಫಿನ ಮೇಲೆ ಒಂದು ಕಡೆ ಕಾರ್ಖಾನೆಯ ಡಬ್ಬಿ, ಇನ್ನೊಂದು ಕಡೆ ಹೊರದೇಶದ್ದು ಎರಡು ಉಳಿದಿದ್ದವು. ಜೇಬಿನಿಂದ ಕೋಲು ತೆಗೆದ. ಕಾರ್ಖಾನೆಯದನ್ನು ತಟ್ಟಿದ. ಟಣ್. ಹೊರಗಿನದನ್ನು ತಟ್ಟಿದ. ಟಿಣ್.

"ಕೇಳಿಸ್ತಾ? ಮಾರ್ಚಿಯಲ್ಲಿ ಮೂರು ದಿನ ನನ್ನ ಮೇಜಿನ ಮೇಲೆ ಟಿಣ್ ಅಂದದ್ದೇ ಬಂತು. ಎರಡು ಲಾರಿ. ಅದಕ್ಕೇ ನೆಂಟರು ಅಂತ ಬರೆದೆ. ನೀನು ಬಂದಿರ್ಲಿಲ್ಲ. ನೀನು ಬಂದದ್ದು ಜನವರಿ. ನಿನ್ನ ನಾಲಿಗೆ ಸರಿಯಾಗೇ ಇತ್ತು. ನೀನು ಹೇಳಿದ್ದು ಪೂರ್ತಿ ಸರಿ. ನಾನು ಸುಳ್ಳು ಹೇಳ್ದೆ. ನಿನ್ನ ಗುಟ್ಟನ್ನೇ ತೆಗೆದು ನಿನ್ನ ಬಾಯಿ ಮುಚ್ಚಿಸಿದೆ. ನನಗೆ ನಾಚಿಕೆಯಾಗುತ್ತೆ ಕಣೇ. ನಿನ್ನ ಮುಖ ನೋಡೋಕಾಗಲ್ಲ."

ತಂಗಿ ಕೈಯಲ್ಲಿದ್ದ ಚಮಚವನ್ನೇ ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಕೆನೆ ನಾಲಿಗೆಯ ಮೇಲೆ ಅತ್ತಿತ್ತ ಹೋದದ್ದು ಅವಳ ಕೆನ್ನೆಯಲ್ಲಿ ಕಾಣುತ್ತಿತ್ತು.

"ಸಕ್ಕರೆ ಕಮ್ಮಿ" ಅಂದಳು ತನಗೆ ತಾನೇ. "ಉಪ್ಪು... ಅಯ್ಯಯ್ಯೋ. ನಿಮ್ಮ ಕೇಕೂ ಇದೇ ಬೆಣ್ಣೆಯಲ್ಲಿ ಮಾಡಿದ್ದು. ಅದೂ ಹೀಗೇ ಉಪ್ಪಾಗಿತ್ತಾ?"

"ಹೂಂ."

"ಎಲ್ರೂ ನಕ್ಕರಾ?"

"ನಕ್ಕರು."

ಅವಳು ಚಮಚ ಬಿಸಾಡಿದಳು. ಅದು ತೊಟ್ಟಿಗೆ ಬಿದ್ದು ಢಣ್ ಅಂದಿತು. ಅಷ್ಟು ಹೊತ್ತಿಗೆ ಅವಳ ಮುಖಕ್ಕೆ ರಕ್ತ ಏರಿತ್ತು.

"ಥೂ ನಿನ್ನ! ನೀನು ಒಬ್ಬ ಅಣ್ಣನೇನೋ? ಹೊಟ್ಟೆಪಾಡಿಗೆ ಸುಳ್ಳು ಹೇಳ್ದೆ, ಸರಿ, ನಾನೂ ಹೇಳ್ತಿದ್ದೆನೋ ಏನೋ. ಪಾಪ ಅಂದ್ಯಲ್ಲೋ! ಅಷ್ಟು ಜನರ ಮುಂದೆ ನನ್ನನ್ನ ನೋಡಿ ಪಾಪ ಅಂದ್ಯಲ್ಲ! ಆರು ತಿಂಗಳಾಯ್ತು, ನನ್ನ ಕೈಯಡುಗೆಯನ್ನ ನಾನೇ ನಂಬಿ ಉಂಡಿಲ್ಲ. ಉಣ್ಣೋವಾಗ ಗಂಡನ ಮುಖ ನೋಡಿ, ಅವನು ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ ಅಂದ್ಕೋತಿದ್ದೆ."

"ತಪ್ಪಾಯ್ತು."

"ಸಭೆಯಲ್ಲಿ ಮೈಕ್ ಹಿಡಿದು ಹೇಳಿದ್ದನ್ನ ಅಡುಗೆಮನೆಯಲ್ಲಿ ಪಿಸಪಿಸ ಅಂತ ವಾಪಸ್ ತಗೋತೀಯಾ? ಹೋಗು. ಎಲ್ಲಿ ಹೇಳಿದ್ಯೋ ಅಲ್ಲಿ ಹೋಗಿ ಹೇಳು. ಅಲ್ಲೀವರೆಗೆ ಈ ಮೆಟ್ಟಿಲು ಹತ್ತಬೇಡ."

ಇಷ್ಟೆಲ್ಲ ಬೈಗುಳ ಬಿದ್ದರೂ ಕಿವಿಮಾಮನ ಕಿವಿ ಹಿಡಿದದ್ದು ಒಂದೇ. ನೀನು ಅಂದಳು. ಆರು ತಿಂಗಳ ಮೇಲೆ ನೀನು ಅಂದಳು.

ಮರುದಿನ ಬೆಳಿಗ್ಗೆ ಮೊದಲು ಮಾಲೀಕರ ಕೋಣೆಗೆ ಹೋದ. ಕದ್ದು ಹೋಗಲು ಮನಸ್ಸಾಗಲಿಲ್ಲ. ವಿಷಯ ಹೇಳಿದ. ಮಾಲೀಕರು ಮೊದಲು ನಕ್ಕರು, ಆಮೇಲೆ ಕೂಗಾಡಿದರು, ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತರು.

"ಎಂಬತ್ತು ಜನರ ಅನ್ನ ಮಾಮ. ಒಂದು ಹೆಂಗಸಿನ ನಾಲಿಗೆಗೋಸ್ಕರ."

"ಎಂಬತ್ತು ಜನರ ಅನ್ನಕ್ಕೆ ನನ್ನ ಮರ್ಯಾದೆ ಕೊಡ್ಬೇಕಿತ್ತು ಸಾರ್. ಅವಳದ್ದನ್ನ ಕೊಟ್ಟೆ. ಅದು ನನ್ನದಾಗಿರ್ಲಿಲ್ಲ" ಅಂದ ಕಿವಿಮಾಮ. ಬಾಯ್ಲರ್ ಕೆಟ್ಟದ್ದನ್ನೂ, ಅದೊಂದೇ ಸಲ ಆದದ್ದನ್ನೂ ಹೇಳುತ್ತೇನೆ, ಬೇರೆ ಏನೂ ಸೇರಿಸಲ್ಲ ಅಂದ. ಹಿತ್ತಾಳೆ ಗುಂಡಿನ ಕೋಲನ್ನು ಮೇಜಿನ ಮೇಲಿಟ್ಟ. ಬೇಡ ಅನ್ನುವವರೂ ಇರಲಿಲ್ಲ, ಇರಲಿ ಅನ್ನುವವರೂ ಇರಲಿಲ್ಲ. ಲೇಬಲ್ ಕೋಣೆ ದಾಟುವಾಗ ಲೇಬಲಕ್ಕ ಮುಖ ತಿರುಗಿಸಿಕೊಂಡಳು. ಅವಳಿಗೆ ಮೂರು ಮಕ್ಕಳು. ಅವಳು ತಿರುಗಿಸಿಕೊಂಡದ್ದು ಸರಿ ಅಂತಲೇ ಅವನಿಗೆ ಅನ್ನಿಸಿತು, ಮತ್ತು ಆ ನಾಚಿಕೆಯೂ ಹಳೆಯದರ ಜೊತೆ ಸೇರಿಕೊಂಡಿತು.

ಅಧಿಕಾರಿ ಮೇಡಂ ಕಚೇರಿಯಲ್ಲಿ ಎರಡು ಗಂಟೆ ಬೆಂಚಿನ ಮೇಲೆ ಕಾದ. ಒಳಗೆ ಕರೆದಾಗ ಮೇಡಂ ಗುರುತು ಹಿಡಿದರು. "ಡಬ್ಬಿ ತಟ್ಟೋರಲ್ವಾ? ಗೆದ್ರಲ್ಲ, ಮತ್ತೇನು?"

"ನನ್ನ ಹೇಳಿಕೆ ತಿದ್ದಬೇಕು ಮೇಡಂ."

ಮೇಡಂ ಕನ್ನಡಕ ಸರಿ ಮಾಡಿಕೊಂಡರು. ಹಳೇ ಫೈಲು ತರಿಸಿದರು. ಗುಮಾಸ್ತನನ್ನು ಕರೆದು ಬರೆದುಕೋ ಅಂದರು. "ಈಗ ಹೇಳಿ. ಆ ಮೂರು ದಿನದ ನೆಂಟರು ಯಾರು?"

"ಡಬ್ಬಿಗಳು ಮೇಡಂ. ಹೊರಗಿನ ಡಬ್ಬಿಗಳು. ಬಾಯ್ಲರ್ ಕೆಟ್ಟಿತ್ತು, ಎರಡು ಲಾರಿ ತರಿಸಿ ನಮ್ಮ ಲೇಬಲ್ ಹಚ್ಚಿದ್ವಿ. ನನಗೆ ಗೊತ್ತಿತ್ತು. ನನ್ನ ತಂಗಿ ಆ ದಿನಗಳಲ್ಲಿ ನಮ್ಮನೆಗೆ ಬಂದೇ ಇರ್ಲಿಲ್ಲ. ಅವಳ ನಾಲಿಗೆ ಸರಿಯಾಗಿದೆ."

ಮೇಡಂ ಪೆನ್ನಿನಿಂದ ಹಣೆ ಒತ್ತಿಕೊಂಡರು. ಇದರಿಂದ ಏನೇನು ಆಗುತ್ತದೆ ಅಂತ ಅವರ ಮುಖದಲ್ಲೇ ಕಾಣುತ್ತಿತ್ತು. "ಡಬ್ಬಿ ವಿಷಯ ದೊಡ್ಡದಾಗುತ್ತೆ, ಮತ್ತೆ ವಿಚಾರಣೆ ಮಾಡ್ಬೇಕಾಗುತ್ತೆ" ಅಂದವರು, ಗುಮಾಸ್ತನ ಕಡೆ ತಿರುಗಿದರು. "ಆ ನಾಲಿಗೆ ವಿಷಯ ಬಿಡಿ. ಕೇಸಿಗೆ ಅದು ಬೇಕಾಗಿಲ್ಲ."

ಗುಮಾಸ್ತ ಬರೆದದ್ದನ್ನು ಹೊಡೆದುಹಾಕಲು ಕೈ ಎತ್ತಿದ. ಕಿವಿಮಾಮ ಮೇಜಿನ ಮೇಲೆ ಬಾಗಿ ಆ ಕಾಗದದ ಮೇಲೆ ತನ್ನ ಅಂಗೈ ಇಟ್ಟುಬಿಟ್ಟ.

"ಮೇಡಂ, ಕೈ ಮುಗೀತೀನಿ. ಬೇರೆ ಏನು ಬೇಕಾದ್ರೂ ಹೊಡೆದು ಹಾಕಿ. ಅದೊಂದನ್ನ ಮೇಲುಗಡೆ, ಮೊದಲನೇ ಸಾಲಲ್ಲಿ ಬರೀರಿ. ನಾನು ಮೈಕಲ್ಲಿ ಹೇಳಿದ್ದೆ."